ಮಗುವಿಗೆ ಥೈರಾಯ್ಡ್ ದ್ರವೌಷಧಿ ಸಿಗುತ್ತಿಲ್ಲ, ಮಾತ್ರೆ ಕೊಡುವುದು ಹೇಗೆ?

ಪ್ರಶ್ನೆ: ಎರಡು ತಿಂಗಳ ಮಗುವಿಗೆ ದಿನಕ್ಕೆ 37.5 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಔಷಧಿ) ಬರೆದಿದ್ದಾರೆ. ದ್ರವರೂಪದ್ದು ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ. ಮಾತ್ರೆ ಪುಡಿ ಮಾಡಿ ಹಾಲಿನ ಬಾಟಲಿಗೆ ಹಾಕಬಹುದೇ? ನಾಲ್ಕು ದಿನದ್ದು ಒಟ್ಟಿಗೆ ಕಲಸಿಡಬಹುದೇ?

ಉತ್ತರ 1: ಎರಡೂ ಬೇಡ ಮೇಡಂ. ಬಾಟಲಿಯಲ್ಲಿ ಹಾಲು ಉಳಿದರೆ ಔಷಧಿಯೂ ಉಳಿದಂತೆ. ಇದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತಳ ಹಿಡಿಯುತ್ತದೆ. ಕಲಸಿಟ್ಟರೆ ಶಕ್ತಿಯೂ ಕುಂದುತ್ತದೆ. ಆ ದಿನದ ಮಾತ್ರೆಯನ್ನಷ್ಟೇ ಎರಡು ಸ್ಟೀಲ್ ಚಮಚಗಳ ನಡುವೆ ಒತ್ತಿ ನುಣ್ಣಗೆ ಮಾಡಿ, 5 ಮಿ.ಲೀ. ಎದೆಹಾಲು ಅಥವಾ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ತಕ್ಷಣ ಒಳಲೆಯಲ್ಲಿ ಕುಡಿಸಿ. ಒಳಲೆಗೆ ಅಂಟಿದ ಬಿಳಿ ಗಸಿಯನ್ನೂ ಇನ್ನೊಂದಿಷ್ಟು ಹಾಲಿನಲ್ಲಿ ತೊಳೆದು ಕುಡಿಸಬೇಕು. ಡೋಸ್ ತಪ್ಪುವುದು ಅಲ್ಲೇ.

ಉತ್ತರ 2: 25 ಮೈಕ್ರೋಗ್ರಾಂ ಮಾತ್ರೆ ಒಂದು, 12.5ರದ್ದೊಂದು ಸೇರಿಸಿ, ಮಾತ್ರೆ ಮುರಿಯುವ ಕೆಲಸ ಇರುವುದಿಲ್ಲ. ಸೋಯಾ ಪುಡಿಹಾಲಿನಲ್ಲಿ ಕಲಸಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಡ್ರಾಪ್ಸ್‌ಗೆ 4 ಗಂಟೆ ಅಂತರ ಬೇಕು. ಸಿರಪ್ ಸಿಗಲಿ ಅಂತ ಕಾಯುತ್ತಾ ಔಷಧಿ ಮಾತ್ರ ನಿಲ್ಲಿಸಬೇಡಿ, ಮೊದಲ ಮೂರು ವರ್ಷ ಮಿದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು.

ಉತ್ತರ 3: ಮಾತ್ರೆ ಶುರುವಾದ ಮೇಲೆ ಹೊಟ್ಟೆ ಕೆಟ್ಟರೆ ಲ್ಯಾಕ್ಟೋಸ್, ಬಣ್ಣ ಇಲ್ಲದ ಬ್ರ್ಯಾಂಡ್ ಇದೆಯೇ ಅಂತ ಫಾರ್ಮಸಿಸ್ಟ್ ಹತ್ತಿರ ಕೇಳಿ. ಬ್ರ್ಯಾಂಡ್ ಬದಲಾದರೆ ವೈದ್ಯರಿಗೆ ತಿಳಿಸಿ, ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ರಕ್ತಪರೀಕ್ಷೆಗಳು) ಮತ್ತೆ ಯಾವಾಗ ನೋಡಬೇಕೆಂದು ಅವತ್ತೇ ಕೇಳಿಬಿಡಿ.