ಅಪ್‌ಡೇಟ್: ಕಡಕ್‌ನಾಥ್ ಹುಂಜದ ಕತ್ತಿನಲ್ಲಿ ಬಂಗಾರದ ಪುಕ್ಕ

ಶುದ್ಧ ಕಡಕ್‌ನಾಥ್ (ಚರ್ಮ, ಮಾಂಸವೂ ಕಪ್ಪಾಗಿರುವ ಕೋಳಿ ತಳಿ) ಅಂತ ತಂದ ಮರಿಗಳಲ್ಲಿ ಒಂದು ಹುಂಜಕ್ಕೆ ಕತ್ತಿನ ಸುತ್ತ ಬಂಗಾರದ ಬಣ್ಣದ ಪುಕ್ಕ ಬಂದಿದೆ, ಇದು ಮಿಶ್ರ ತಳಿಯಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಮ್ಮೂರಿನ ಪಶುವೈದ್ಯರು ಹುಂಜವನ್ನು ತೊಡೆ ಮೇಲೆ ಮಲಗಿಸಿ, ಎದೆಯ ಪುಕ್ಕವನ್ನು ಬಾಯಿಂದ ಊದಿ ಸರಿಸಿದರು. ಒಳಗೆ ಚರ್ಮ ಕಪ್ಪು. ಕೊಕ್ಕು ಬಿಡಿಸಿದರೆ ನಾಲಿಗೆಯೂ ಕಪ್ಪೇ! ಮಧ್ಯಪ್ರದೇಶದ ಜಾಬುವಾದ ಈ ತಳಿಯಲ್ಲಿ ಪೂರ್ತಿ ಕಪ್ಪು, ಪೆನ್ಸಿಲ್ಡ್ (ಕಪ್ಪು ಪುಕ್ಕದಲ್ಲಿ ಬಿಳಿ ಗೆರೆ), ಗೋಲ್ಡನ್ ಅಂತ ಮೂರು ಬಗೆ ಇವೆ. ಚರ್ಮ, ಮೂಳೆಯನ್ನು ಕಪ್ಪಾಗಿಸುವ ಜೀನ್ ಬೇರೆ, ಪುಕ್ಕದ ಬಣ್ಣದ್ದು ಬೇರೆ, ಹಾಗಾಗಿ ಬಂಗಾರದ ಪುಕ್ಕ ಬಂದ ಮಾತ್ರಕ್ಕೆ ಮಿಶ್ರ ತಳಿ ಅನ್ನೋಕಾಗಲ್ಲ. ಆದರೆ ಕಪ್ಪು ಚರ್ಮ ಮಿಶ್ರ ಮರಿಗಳಿಗೂ ಇಳಿಯುತ್ತದೆ, ಅದೊಂದನ್ನೇ ನಂಬಬೇಡಿ ಅಂದರು.

ಇನ್ನೊಂದು ಮರಿಯ ರೆಕ್ಕೆ ತುದಿಯ ಬಿಳಿ ಪುಕ್ಕ ಉದುರಿ, ಈಗ ಕಪ್ಪೇ ಬಂದಿದೆ. ಬರೀ ಪುಕ್ಕದ ಬಣ್ಣ ನೋಡಿ ಮಾರಿದವರ ಮೇಲೆ ಅನುಮಾನಪಟ್ಟೆ, ಬೇಜಾರಾಯಿತು. ಹುಂಜ ನಮ್ಮಲ್ಲೇ ಇರುತ್ತದೆ.