ತೂಕದ ಚೀಟಿಗಳಿಗೆ ಯಾವ ಮೆಸೇಜ್ ಕ್ಯೂ: ಕಾಫ್ಕಾ, ರ‍್ಯಾಬಿಟ್‌ಎಂಕ್ಯೂ, ಅಥವಾ ಪೋಸ್ಟ್‌ಗ್ರೆಸ್ ಸಾಕೇ?

ಮೆಕ್ಕೆಜೋಳ_ದಾವಣಗೆರೆ:
ನಮಸ್ಕಾರ. ದಾವಣಗೆರೆಯ ಮೆಕ್ಕೆಜೋಳದ ದಲಾಲರಿಗಾಗಿ ನಾವು ಮೂವರು ಸೇರಿ ಒಂದು ತಂತ್ರಾಂಶ ನಡೆಸುತ್ತಿದ್ದೇವೆ. ತೂಕದ ಚೀಟಿ ದಾಖಲಾದ ಮೇಲೆ ಬಿಲ್ಲು, ದಾಸ್ತಾನು ಮತ್ತು ರೈತರಿಗೆ ಎಸ್ಎಂಎಸ್ ಕಳಿಸುವ ಕೆಲಸಗಳು ಮೂರು ಬೇರೆ ಸರ್ವಿಸ್‌ಗಳಲ್ಲಿ ನಡೆಯುತ್ತವೆ. ಇವು ಒಂದನ್ನೊಂದು ನೇರವಾಗಿ ಕರೆಯುವುದರಿಂದ, ಎಸ್ಎಂಎಸ್ ಗೇಟ್‌ವೇ ತಡಮಾಡಿದರೆ ಬಿಲ್ಲೂ ನಿಲ್ಲುತ್ತದೆ, ಲಾರಿಗಳೂ ಸಾಲುಗಟ್ಟುತ್ತವೆ. ಸುಗ್ಗಿಯಲ್ಲಿ ದಿನಕ್ಕೆ ಸುಮಾರು 3,000 ಚೀಟಿಗಳು ಬರುತ್ತವೆ; ಒಂದು ಚೀಟಿಗೆ ಎರಡು ಬಿಲ್ಲು ಆಗಕೂಡದು. ಆದ್ದರಿಂದ ನಡುವೆ ಮೆಸೇಜ್ ಕ್ಯೂ, ಅಂದರೆ ಸಂದೇಶಗಳನ್ನು ಸಾಲಿನಲ್ಲಿಟ್ಟು ಆಯಾ ಸರ್ವಿಸ್‌ಗೆ ತಲುಪಿಸುವ ತಂತ್ರಾಂಶ, ಹಾಕೋಣವೆಂದಿದ್ದೇವೆ. ಅದಕ್ಕಾಗಿ ನಾವು ಕಾಫ್ಕಾ ಕಲಿಯಬೇಕೇ?

ಹಳೆ_ಸರ್ವರ್:
ಎಂಟು ಗಂಟೆಗೆ 3,000 ಎಂದರೆ ನಿಮಿಷಕ್ಕೆ ಆರೇಳು ಸಂದೇಶಗಳು. ಇಷ್ಟಕ್ಕೆ ಕಾಫ್ಕಾ ಕ್ಲಸ್ಟರ್ (ಹಲವು ಸರ್ವರ್‌ಗಳ ಗುಂಪು) ಸಾಕುವುದು ಮೂವರ ತಂಡಕ್ಕೆ ಹೊರೆಯೇ ಸರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಈಗಾಗಲೇ ಇದ್ದರೆ, ಅದರ 9.5ನೇ ಆವೃತ್ತಿಯಿಂದಲೂ ಇರುವ ‘ಸ್ಕಿಪ್ ಲಾಕ್ಡ್’ ಸೌಲಭ್ಯದಿಂದ ಒಂದು ಟೇಬಲ್ಲನ್ನೇ ಕ್ಯೂ ಆಗಿ ಬಳಸಬಹುದು: ಒಬ್ಬ ವರ್ಕರ್ (ಕೆಲಸ ಮಾಡುವ ಪ್ರೋಗ್ರಾಂ) ಹಿಡಿದ ಟೇಬಲ್ಲಿನ ಸಾಲನ್ನು ಇನ್ನೊಬ್ಬ ಕಾಯದೆ ದಾಟಿ ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ಚೀಟಿಯೂ ಅದರ ಕೆಲಸವೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎರಡೂ ಉಳಿಯಬೇಕು, ಇಲ್ಲವೇ ಎರಡೂ ರದ್ದಾಗಬೇಕು) ಬರೆಯಲ್ಪಡುವುದರಿಂದ, ಚೀಟಿ ಉಳಿದು ಸಂದೇಶ ಕಳೆದುಹೋಗುವ ಪ್ರಮೇಯವೇ ಬರುವುದಿಲ್ಲ.

ಎರಡು ಬಿಲ್ಲಿನ ಪ್ರಶ್ನೆಯನ್ನು ಮಾತ್ರ ಯಾವ ಕ್ಯೂ ಕೂಡ ನಿಮ್ಮ ಪರವಾಗಿ ಬಗೆಹರಿಸುವುದಿಲ್ಲ. ರ‍್ಯಾಬಿಟ್‌ಎಂಕ್ಯೂನಲ್ಲಿ ಬಿಲ್ಲು ಬರೆದ ವರ್ಕರ್ ಸ್ವೀಕೃತಿ ಕಳಿಸುವ ಮುನ್ನ ಕುಸಿದರೆ ಅದೇ ಸಂದೇಶ ಮತ್ತೆ ಬರುತ್ತದೆ. ಬಿಲ್ಲಿನ ಟೇಬಲ್‌ನಲ್ಲಿ ಚೀಟಿ ಸಂಖ್ಯೆಗೆ ಯುನೀಕ್ ನಿರ್ಬಂಧ ಹಾಕಿ, ಅದೇ ಸಂಖ್ಯೆಯ ಎರಡನೇ ಬಿಲ್ಲನ್ನು ಡೇಟಾಬೇಸೇ ತಿರಸ್ಕರಿಸುತ್ತದೆ.

ಕೋಟೆನಾಡು:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಕಾಫ್ಕಾವನ್ನು ವೇಗಕ್ಕಾಗಿ ಮಾತ್ರ ಅಳೆಯಬಾರದು. ಅದರಲ್ಲಿ ಓದಿದ ಸಂದೇಶ ಅಳಿಯುವುದಿಲ್ಲ, ಪೂರ್ವನಿಯೋಜಿತವಾಗಿ 7 ದಿನ ಉಳಿಯುತ್ತದೆ. ದಾಸ್ತಾನಿನ ಲೆಕ್ಕ ತಪ್ಪಿದರೆ ಆಫ್‌ಸೆಟ್ (ಎಲ್ಲಿಯವರೆಗೆ ಓದಿದೆವೆಂಬ ಗುರುತು) ಹಿಂದಕ್ಕೆ ಸರಿಸಿ ಮತ್ತೆ ಓದಬಹುದು. ಕ್ರಮ ಉಳಿಯುವುದು ಒಂದು ಪಾರ್ಟಿಷನ್‌ನ (ಸಂದೇಶಗಳನ್ನು ಹಂಚಿಡುವ ಭಾಗ) ಒಳಗೆ ಮಾತ್ರವಾದ್ದರಿಂದ, ಒಂದು ಲಾಟಿನ ಸಂದೇಶಗಳೆಲ್ಲ ಒಂದೇ ಭಾಗಕ್ಕೆ ಹೋಗುವಂತೆ ಲಾಟ್ ಸಂಖ್ಯೆಯನ್ನು ಕೀ ಮಾಡಬೇಕಾಗುತ್ತದೆ. ರ‍್ಯಾಬಿಟ್‌ಎಂಕ್ಯೂ ಆರಿಸಿದರೆ ಹಳೆಯ ಪಾಠಗಳಲ್ಲಿನ ‘ಮಿರರ್ಡ್ ಕ್ಯೂ’ ಬಿಡಿ, 4.0 ಆವೃತ್ತಿಯಲ್ಲಿ ಅದನ್ನು ತೆಗೆದಿದ್ದಾರೆ, ಸಂದೇಶದ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿಡಲು ಕೋರಂ ಕ್ಯೂ ಬಳಸಿ.

ಇನ್ನೊಂದು ಮಾತು. ಚಳ್ಳಕೆರೆಯ ಶೇಂಗಾ ಗಿರಣಿಯೊಂದಕ್ಕೆ ಕೆಲಸ ಮಾಡಿದಾಗ ನಮ್ಮನ್ನು ಕಾಡಿದ್ದು ಕ್ಯೂ ಅಲ್ಲ, ಇಂಟರ್ನೆಟ್. ತೂಕದ ಕೋಣೆಯ ಕಂಪ್ಯೂಟರಿನಲ್ಲೇ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ಮೊದಲು ಬರೆದು, ಚೀಟಿ ಸಂಖ್ಯೆಯನ್ನೂ ಅಲ್ಲೇ ಕೊಟ್ಟು, ಸಂಪರ್ಕ ಬಂದಾಗ ಕಳಿಸುವಂತೆ ಮಾಡಿದ ಮೇಲೆಯೇ ನಾವು ನಿದ್ದೆ ಮಾಡಿದ್ದು.

ಮೆಕ್ಕೆಜೋಳ_ದಾವಣಗೆರೆ:
ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಚೀಟಿ ಸಂಖ್ಯೆಯನ್ನು ಕೊಡುತ್ತಿದ್ದುದು ಕೇಂದ್ರ ಸರ್ವರ್. ಸಂಪರ್ಕ ಕಡಿದು ಮತ್ತೆ ಒತ್ತಿದಾಗ ಹೊಸ ಸಂಖ್ಯೆ ಬರುತ್ತಿತ್ತು. ಎರಡು ಬಿಲ್ಲು ಆಗುತ್ತಿದ್ದುದು ಅಲ್ಲೇ ಎಂದು ಈಗ ತಿಳಿಯಿತು. ಮೊದಲು ಅದನ್ನು ಸರಿಪಡಿಸಿ, ಪೋಸ್ಟ್‌ಗ್ರೆಸ್‌ನಲ್ಲೇ ಈ ಸುಗ್ಗಿ ಕಳೆಯುತ್ತೇವೆ.