ಮೃದ್ವಸ್ಥಿ ಕೋಶಗಳಲ್ಲಿ ಡೆಕ್ಸಾಮೆಥಾಸೋನ್ ಪರಿಣಾಮ ಕಾಣುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಬೆಳವಣಿಗೆ ಫಲಕದ (ಉದ್ದ ಮೂಳೆಗಳ ತುದಿಯ ಬಳಿ ಮೂಳೆ ಬೆಳೆಯುವ ಪದರ) ಮೃದ್ವಸ್ಥಿ ಕೋಶಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧ ಕೊಟ್ಟರೆ ಐಜಿಎಫ್-1 ಎಂಬ ಬೆಳವಣಿಗೆ ಹಾರ್ಮೋನಿನಂಥ ಅಂಶದ ಸಂಕೇತ ಕುಗ್ಗಬೇಕೆಂದು ಓದಿದ್ದೇನೆ. ಆದರೆ ನನ್ನ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ಪರೀಕ್ಷೆ) ಈ ಸಂಕೇತದ ಗುರುತಾದ ಫಾಸ್ಫೊ-ಎಕೆಟಿ ಪಟ್ಟಿ ಔಷಧ ಕೊಟ್ಟ ಕೋಶಗಳಲ್ಲೂ ಕೊಡದ ಕೋಶಗಳಲ್ಲೂ ಒಂದೇ ಗಾಢತೆಯಲ್ಲಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1: ಇದೇ ಸಮಸ್ಯೆಯಲ್ಲಿ ನಾನು ತಿಂಗಳುಗಟ್ಟಲೆ ಪಟ್ಟಿ ತೋರಿಸುವ ಪ್ರತಿಕಾಯವನ್ನು ದೂರಿದ್ದೆ, ದೋಷ ಇದ್ದದ್ದು ಮಾಧ್ಯಮದಲ್ಲಿ (ಕೋಶ ಬೆಳೆಸುವ ದ್ರವ). ಮೃದ್ವಸ್ಥಿ ಮಾಧ್ಯಮಗಳಿಗೆ ಬೆರೆಸುವ ಐಟಿಎಸ್ (ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ) ಪೂರಕದಿಂದ ಮಿಲಿಲೀಟರಿಗೆ ಸುಮಾರು 6 ಮೈಕ್ರೊಗ್ರಾಂ ಇನ್ಸುಲಿನ್ ಸೇರುತ್ತದೆ, ಅಂದರೆ ಹೆಚ್ಚುಕಡಿಮೆ 1 ಮೈಕ್ರೊಮೋಲಾರ್. ಆ ಮಟ್ಟದಲ್ಲಿ ಇನ್ಸುಲಿನ್ ತನ್ನ ಗ್ರಾಹಕಕ್ಕಷ್ಟೇ ಅಲ್ಲದೆ ಐಜಿಎಫ್-1 ಗ್ರಾಹಕಕ್ಕೂ ಅಂಟಿಕೊಳ್ಳುವುದರಿಂದ, ನೀವು ಐಜಿಎಫ್ ಹಾಕುವ ಮೊದಲೇ ಸಂಕೇತ ಉತ್ತುಂಗದಲ್ಲಿರುತ್ತದೆ. ಕೊನೆಯ ರಾತ್ರಿ ಇನ್ಸುಲಿನ್, ಸೀರಮ್ ಎರಡನ್ನೂ ತೆಗೆದು, ಬೆಳಿಗ್ಗೆ ಹತ್ತು ನಿಮಿಷ ಮಾತ್ರ ಐಜಿಎಫ್-1 ಕೊಟ್ಟಾಗ, ಏನೂ ಕೊಡದ ಸಾಲು ನನಗೆ ಮೊದಲ ಬಾರಿ ಖಾಲಿಯಾಗಿ ಕಂಡಿತು. ಡೆಕ್ಸಾಮೆಥಾಸೋನ್ ಅನ್ನು ಮಾತ್ರ ಎರಡು ದಿನ ಮುಂಚಿನಿಂದಲೇ ಕೊಡಿ. ಅದು ಮುಖ್ಯವಾಗಿ ಜೀನ್‌ಗಳ ಅಭಿವ್ಯಕ್ತಿಯನ್ನು ಬದಲಿಸಿ, ಗ್ರಾಹಕಗಳನ್ನೂ ಕೋಶಗಳೇ ತಯಾರಿಸುವ ಐಜಿಎಫ್-1 ಅನ್ನೂ ಕಡಿಮೆ ಮಾಡುತ್ತದೆ. ಗಂಟೆಯೊಳಗೆ ಫಲ ನಿರೀಕ್ಷಿಸಬಾರದು.

ಉತ್ತರ 2: ಕೋಶಗಳನ್ನು ಎಷ್ಟು ಸಲ ಹೊಸ ತಟ್ಟೆಗೆ ವರ್ಗಾಯಿಸಿದ್ದೀರಿ? ಸಮತಲದಲ್ಲಿ ಪದೇ ಪದೇ ಬೆಳೆಸಿದರೆ ಅವು ಉದ್ದಕ್ಕೆ ಚಾಚಿಕೊಂಡು, ಮೃದ್ವಸ್ಥಿಯ ಗುರುತಾದ 2ನೇ ಬಗೆಯ ಕೊಲಾಜೆನ್ ಬಿಟ್ಟು 1ನೇ ಬಗೆಯದನ್ನು ತಯಾರಿಸತೊಡಗುತ್ತವೆ. ಆಮೇಲೆ ಸಿಗುವ ಉತ್ತರ ಮೃದ್ವಸ್ಥಿಯದಲ್ಲ.

ಉತ್ತರ 3: ನಿಮ್ಮ ಪ್ರಶ್ನೆಯನ್ನು ಕೋಶಗಳ ಮಟ್ಟದಲ್ಲಿ ಕೇಳುವುದು ಸರಿಯಾಗಿಯೇ ಇದೆ. 1994ರಲ್ಲಿ ಪ್ರಕಟವಾದ ಮೊಲಗಳ ಪ್ರಯೋಗದಲ್ಲಿ ಒಂದು ಕಾಲಿನ ಬೆಳವಣಿಗೆ ಫಲಕಕ್ಕೆ ನೇರವಾಗಿ ಡೆಕ್ಸಾಮೆಥಾಸೋನ್ ಹರಿಸಿದಾಗ ಆ ಫಲಕದ ಬೆಳವಣಿಗೆ ಮಾತ್ರ ನಿಧಾನವಾಯಿತು. ಔಷಧ ನಿಂತ ಮೇಲಿನ ಚೇತರಿಕೆಯ ಬೆಳವಣಿಗೆಯೂ ಅಲ್ಲಿಗೇ ಸೀಮಿತವಾಗಿತ್ತು. ಮುಂದೆ ಲೈಂಗಿಕ ಸ್ಟಿರಾಯ್ಡ್‌ಗಳಿಗೆ ಕೈ ಹಾಕುವುದಾದರೆ, ಫೀನಾಲ್ ರೆಡ್ (ಆಮ್ಲತೆ ತೋರಿಸುವ ಬಣ್ಣ) ಇಲ್ಲದ ಮಾಧ್ಯಮವನ್ನೂ ಇದ್ದಿಲಿನಿಂದ ಶೋಧಿಸಿ ಹಾರ್ಮೋನ್ ತೆಗೆದ ಸೀರಮ್ಮನ್ನೂ ಬಳಸಿ, ಏಕೆಂದರೆ ಆ ಕೆಂಪು ಬಣ್ಣದ ಪುಡಿಯಲ್ಲೇ ದುರ್ಬಲ ಈಸ್ಟ್ರೊಜೆನ್ ಗುಣ ಇರುತ್ತದೆ. ಟೆಸ್ಟೊಸ್ಟೆರೋನ್ ಜೊತೆಗೆ ಡೈಹೈಡ್ರೊಟೆಸ್ಟೊಸ್ಟೆರೋನನ್ನೂ ಇಡಿ: ಮೊದಲನೆಯದನ್ನು ಅರೊಮಟೇಸ್ ಕಿಣ್ವ ಎಸ್ಟ್ರಡಯೋಲ್ ಎಂಬ ಈಸ್ಟ್ರೊಜೆನ್ ಆಗಿ ಮಾರ್ಪಡಿಸಬಲ್ಲದು, ಎರಡನೆಯದನ್ನಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಗಂಡಸರಲ್ಲೂ ಬೆಳವಣಿಗೆ ಫಲಕ ಮುಚ್ಚಲು ಈಸ್ಟ್ರೊಜೆನ್ ಬೇಕು. ಈಸ್ಟ್ರೊಜೆನ್ ಗ್ರಾಹಕ ಕೆಲಸ ಮಾಡದ 28 ವರ್ಷದ ಪುರುಷನೊಬ್ಬನ ಎತ್ತರ 204 ಸೆಂಟಿಮೀಟರ್ ಆಗಿದ್ದರೂ ಫಲಕಗಳು ಇನ್ನೂ ಮುಚ್ಚಿರಲಿಲ್ಲ.

ಪ್ರಶ್ನೆ ಕೇಳಿದವರು: ಬಾಟಲಿಯ ಚೀಟಿ ನೋಡಿದೆ, ಐಟಿಎಸ್ ಇದೆ. ಕೋಶಗಳು ಐದನೇ ವರ್ಗಾವಣೆಯವು. ಹೊಸದಾಗಿ ಬೇರ್ಪಡಿಸಿ ಆರಂಭಿಸುತ್ತೇನೆ.